ಗಾಡಿ ಹೊರಡುವ ಮೊದಲು

ನೀನು ಆಂಬುಲೆನ್ಸ್ ಇಡಲು ಹೊರಟಿರುವ ವಿಷಯ ನಿನ್ನ ಅಮ್ಮ ಹೇಳಿದಳು ಮಗಾ. ಬ್ಯಾಂಕಿನವರು ಸಾಲಕ್ಕೆ ಒಪ್ಪಿದ್ದಾರೆ, ಮೊದಲು ಒಂದು ಗಾಡಿ, ಅದು ಕೈ ಹಿಡಿದರೆ ಇನ್ನೊಂದು ಅಂತ ಲೆಕ್ಕ ಹಾಕಿಕೊಂಡಿದ್ದೀಯಂತೆ. ಕೇಳಿ ಸಂತೋಷವಾಯಿತು. ನಮ್ಮ ಸಾಗರದ ಕಡೆಗೆ ಒಳ್ಳೆಯ ಆಂಬುಲೆನ್ಸ್ ಬೇಕು. ಶಿವಮೊಗ್ಗ ಇಲ್ಲಿಂದ ಎಪ್ಪತ್ತು ಚಿಲ್ಲರೆ ಕಿಲೋಮೀಟರ್. ಅಲ್ಲಿಯೂ ಆಗದ ಕೇಸನ್ನು ಹುಲಿಕಲ್ ದಾರಿಯಲ್ಲೋ ಕೊಲ್ಲೂರಿನ ಮೇಲೋ ಘಟ್ಟ ಇಳಿಸಿ ಮಣಿಪಾಲಕ್ಕೆ ಒಯ್ಯಬೇಕು. ಸರ್ಕಾರದ 108 ಆಂಬುಲೆನ್ಸ್ ನಮ್ಮಲ್ಲಿ 2008ರ ನವೆಂಬರಿನಿಂದ ಓಡುತ್ತಿದೆ, ಎಷ್ಟೋ ಜೀವ ಉಳಿಸಿದೆ. ಆದರೆ ಅದು ಮೊದಲ ಕರೆಗೆ ಓಡಬೇಕಾದ ಗಾಡಿ. ಖಾಸಗಿ ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವವರು, ಡಿಸ್ಚಾರ್ಜ್ ಆಗಿ ಮಲಗಿಕೊಂಡೇ ಮನೆಗೆ ಬರಬೇಕಾದವರು, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ಸಿಗೆ ಹೋಗುವವರು, ಇವರಿಗೆಲ್ಲ ಬಹುಮಟ್ಟಿಗೆ ಖಾಸಗಿ ಗಾಡಿಯೇ ಗತಿ.

ನಾನು ಸರ್ವಿಸಿನ ಬಹುಪಾಲು ಕ್ಯಾಜುವಾಲ್ಟಿಯಲ್ಲೇ ಕಳೆದವಳು. ಆಂಬುಲೆನ್ಸಿನ ಹಿಂಬಾಗಿಲು ತೆಗೆದಾಗ ಒಳಗೆ ರೋಗಿ ಯಾವ ಸ್ಥಿತಿಯಲ್ಲಿರುತ್ತಾನೆ ಅನ್ನುವುದನ್ನು ಮೊದಲು ನೋಡುವವರು ನಾವು ಸಿಸ್ಟರುಗಳು. ಅದಕ್ಕೇ ಈ ನಾಲ್ಕು ಮಾತು. ಒಂದು ಆಸ್ಪತ್ರೆಯ ಬಾಗಿಲು ದಾಟಿದ ರೋಗಿಗೆ ಮುಂದಿನ ಆಸ್ಪತ್ರೆಯ ಬಾಗಿಲು ಸಿಗುವ ತನಕ ನಿನ್ನ ಗಾಡಿಯೇ ಆಸ್ಪತ್ರೆ. ಬಾಡಿಗೆ ಗಾಡಿ ಓಡಿಸುತ್ತಿದ್ದೇನೆ ಅಂದುಕೊಂಡರೆ ನಿನ್ನ ಖರ್ಚುವೆಚ್ಚದ ಲೆಕ್ಕ ಒಂದು ಥರ ಬರುತ್ತದೆ. ಚಿಕಿತ್ಸೆಯ ಒಂದು ಭಾಗವನ್ನು ಹೊತ್ತುಕೊಂಡಿದ್ದೇನೆ ಅಂದುಕೊಂಡರೆ ಬೇರೆ ಥರ ಬರುತ್ತದೆ. ನಾನು ಹೇಳುವುದೆಲ್ಲ ಎರಡನೆಯ ಲೆಕ್ಕದ ಮಾತು.

ಮೊದಲು ಗಾಡಿ. ಯಾರೋ ಹಳೆಯ ಓಮ್ನಿ ಅಗ್ಗಕ್ಕೆ ಕೊಡುತ್ತಾರೆ, ಸೀಟು ಕಿತ್ತು ಸ್ಟ್ರೆಚರ್ ಕೂರಿಸಿದರೆ ಆಯಿತು ಅಂತ ನಿನಗೆ ಸಲಹೆ ಬಂದಿದೆಯಂತೆ. ಬೇಡ. ಓಮ್ನಿ ನಮ್ಮ ಹಳ್ಳಿ ರಸ್ತೆಗಳಲ್ಲಿ ವರ್ಷಾನುಗಟ್ಟಲೆ ರೋಗಿಗಳನ್ನು ಹೊತ್ತಿದೆ, ಅದರ ಋಣ ದೊಡ್ಡದು. ಆದರೆ ಅದರ ಚಾವಣಿ ಎಷ್ಟು ತಗ್ಗು ನೋಡು. ರೋಗಿಯ ಎದೆಬಡಿತ ನಿಂತರೆ ಪಕ್ಕದಲ್ಲಿ ಕೂತವನಿಗೆ ಮಂಡಿಯೂರಿ ಎದೆ ಒತ್ತಲು ಜಾಗವಿಲ್ಲ, ತಲೆಯ ಕಡೆಗೆ ಹೋಗಿ ಉಸಿರು ಕೊಡುವ ಅಂಬು ಬ್ಯಾಗ್ ಹಿಡಿಯಲು ದಾರಿಯಿಲ್ಲ. ಹೊಸ ಸುರಕ್ಷತಾ ನಿಯಮಗಳು ಬಂದಾಗ 2019ರಲ್ಲಿ ಕಂಪನಿಯವರೇ ಅದನ್ನು ತಯಾರಿಸುವುದು ನಿಲ್ಲಿಸಿದರು. ನೀನು ಈಗ ಶುರು ಮಾಡುವವನು, ಅಲ್ಲಿಂದ ಶುರು ಮಾಡಬೇಡ.

ಆಂಬುಲೆನ್ಸ್ ಹೇಗಿರಬೇಕು ಅನ್ನುವುದಕ್ಕೆ ದೇಶದಲ್ಲಿ ಬರೆದಿಟ್ಟ ಮಾನದಂಡವಿದೆ, ಎಐಎಸ್-125 ಅಂತ. ಕೇಂದ್ರದ ಸಾರಿಗೆ ಇಲಾಖೆ ಅದನ್ನು 2018ರ ಏಪ್ರಿಲ್‌ನಿಂದ ಜಾರಿಗೆ ತಂದಿತು. ಅದು ಆಂಬುಲೆನ್ಸ್‌ಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಎ ಅಂದರೆ ಸ್ಥಳಕ್ಕೆ ಮೊದಲು ತಲುಪಿ ಆರೈಕೆ ಶುರು ಮಾಡುವ ವಾಹನ. ಬಿ ಅಂದರೆ ತುರ್ತು ಇಲ್ಲದ ರೋಗಿಗಳನ್ನು ಸಾಗಿಸುವ ಗಾಡಿ. ಸಿ ಅಂದರೆ ಮೂಲಭೂತ ಜೀವರಕ್ಷಣೆಯ ಬಿಎಲ್‌ಎಸ್, ಡಿ ಅಂದರೆ ವೆಂಟಿಲೇಟರ್, ಡಿಫಿಬ್ರಿಲೇಟರ್ ಇರುವ ಎಎಲ್‌ಎಸ್. ಸ್ಟ್ರೆಚರ್ ಎಲ್ಲಿ ಕೂರಬೇಕು, ಅದರ ಸುತ್ತ ಎಷ್ಟು ಜಾಗ ಬೇಕು, ಒಳಗಿನ ಬೆಳಕು, ವಿದ್ಯುತ್ ವೈರಿಂಗ್, ಆಮ್ಲಜನಕದ ವ್ಯವಸ್ಥೆ, ಹೊರಗಿನ ಬಣ್ಣ, ಮುಂದೆ ಹೋಗುವವರ ಕನ್ನಡಿಯಲ್ಲಿ ಸರಿಯಾಗಿ ಕಾಣಲೆಂದು ತಿರುಗಿಸಿ ಬರೆಯುವ ಅಕ್ಷರ, ಎಲ್ಲಕ್ಕೂ ಅದರಲ್ಲಿ ಅಳತೆಯಿದೆ. ಗಾಡಿ ಕೊಳ್ಳುವಾಗ ಡೀಲರ್ ಹತ್ತಿರ ಯಾವ ಬಗೆಯೆಂದು ಕೇಳು, ಕಾಗದದಲ್ಲಿ ತೋರಿಸಲಿ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಬಿ ಬಗೆಯ ಗಾಡಿ ಇಟ್ಟುಕೊಂಡು ಅದರ ಮೈಮೇಲೆ ಐಸಿಯು ಆಂಬುಲೆನ್ಸ್ ಅಂತ ಬರೆಸಬೇಡ. ಬೇರೆಯವರೆಲ್ಲ ಬರೆಸುತ್ತಾರೆ, ನಾನು ಬರೆಸದಿದ್ದರೆ ಬಾಡಿಗೆ ಬರುವುದಿಲ್ಲ ಅನ್ನುತ್ತೀಯ. ಆ ಅಕ್ಷರ ನೋಡಿ ಒಬ್ಬ ಮಗ ಉಸಿರಾಟದ ತೊಂದರೆಯ ಅಪ್ಪನನ್ನು ಹತ್ತಿಸುತ್ತಾನೆ. ಒಳಗೆ ಒಂದು ಸಿಲಿಂಡರ್, ಒಂದು ಮಾಸ್ಕ್ ಬಿಟ್ಟು ಏನೂ ಇಲ್ಲ ಅಂತ ಅವನಿಗೆ ಗೊತ್ತಾಗುವುದು ಶಿವಮೊಗ್ಗದ ದಾರಿಯಲ್ಲಿ ಆನಂದಪುರ ದಾಟಿದ ಮೇಲೆ. ರಾತ್ರಿ ಎರಡು ಗಂಟೆಗೆ ಗಾಬರಿಯಲ್ಲಿರುವ ಮನೆಯವರಿಗೆ ಗಾಡಿ ಪರೀಕ್ಷೆ ಮಾಡುವ ಶಕ್ತಿಯೂ ಇರುವುದಿಲ್ಲ, ತಿಳಿವಳಿಕೆಯೂ ಇರುವುದಿಲ್ಲ. ನಿನ್ನಲ್ಲಿ ಇಲ್ಲದ್ದನ್ನು ಇಲ್ಲ ಅಂತ ಫೋನಿನಲ್ಲೇ ಹೇಳು. ಇಂಥ ಕೇಸಿಗೆ ನನ್ನ ಗಾಡಿ ಸಾಲದು, ಶಿವಮೊಗ್ಗದಿಂದ ಎಎಲ್‌ಎಸ್ ತರಿಸಿ ಅನ್ನು. ಒಂದು ಬಾಡಿಗೆ ಹೋಗುತ್ತದೆ. ಆದರೆ ಡಾಕ್ಟರು ನಿನ್ನ ಮಾತು ನೆನಪಿಟ್ಟುಕೊಳ್ಳುತ್ತಾರೆ.

ಆಮ್ಲಜನಕದ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಕೇಳಿಸಿಕೊ, ಯಾಕೆಂದರೆ ಗಾಡಿಗಳು ಸೋಲುವುದನ್ನು ನಾನು ಹೆಚ್ಚಾಗಿ ನೋಡಿದ್ದು ಇಲ್ಲಿಯೇ. ಸಿಲಿಂಡರ್ ಇದೆಯಾ ಅಂದರೆ ಎಲ್ಲರೂ ಇದೆ ಅನ್ನುತ್ತಾರೆ. ಎಷ್ಟು ನಿಮಿಷಕ್ಕೆ ಇದೆ ಅಂದರೆ ಉತ್ತರ ಬರುವುದಿಲ್ಲ. ಲೆಕ್ಕ ಕಷ್ಟದ್ದಲ್ಲ. ಬಿ ಟೈಪ್ ಅನ್ನುವ ಸಣ್ಣ ಸಿಲಿಂಡರಿನ ಒಳ ಅಳತೆ ಸುಮಾರು 10 ಲೀಟರ್. ಗೇಜಿನ ಮುಳ್ಳು 150 ಬಾರ್ ತೋರಿಸಿದರೆ ಹತ್ತರಿಂದ ಗುಣಿಸು, 1500 ಲೀಟರ್ ಅನಿಲವಿದೆ. ರೋಗಿಗೆ ನಿಮಿಷಕ್ಕೆ 10 ಲೀಟರ್ ಹೋಗುತ್ತಿದ್ದರೆ ಎರಡೂವರೆ ಗಂಟೆ. 15 ಲೀಟರ್ ಹಾಕಿದರೆ ನೂರೇ ನಿಮಿಷ. ಮುಳ್ಳು 50ಕ್ಕೆ ಇಳಿದಿದ್ದರೆ 10 ಲೀಟರಿನ ಲೆಕ್ಕದಲ್ಲಿ ಐವತ್ತು ನಿಮಿಷ, ಅಂದರೆ ಸಾಗರದಿಂದ ಹೊರಟ ಗಾಡಿ ಶಿವಮೊಗ್ಗ ಮುಟ್ಟುವುದಿಲ್ಲ. ಡಿ ಟೈಪ್ ಅನ್ನುವ ಜಂಬೋದಲ್ಲಿ ಸುಮಾರು 7000 ಲೀಟರ್ ಇರುತ್ತದೆ. ಘಟ್ಟದ ದಾರಿಗೆ ಅದೇ ಬೇಕು, ಜೊತೆಗೆ ಬದಲಿಗೆ ಇನ್ನೊಂದು ಸಣ್ಣದು. ದಾರಿ ಎಷ್ಟು ಹೊತ್ತಿನದೋ ಅದರ ಎರಡರಷ್ಟು ಅನಿಲ ಗಾಡಿಯಲ್ಲಿ ಇದ್ದರೆ ಮಾತ್ರ ಕೀಲಿ ತಿರುಗಿಸು. ಮಳೆಗಾಲದಲ್ಲಿ ಮರ ಅಡ್ಡ ಬಿದ್ದರೆ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ ಅನ್ನುವುದು ನಮ್ಮ ಕಡೆಯವನಾದ ನಿನಗೆ ಹೇಳಬೇಕಾಗಿಲ್ಲ.

ಸಿಲಿಂಡರಿನ ಮೈ ಕಪ್ಪು, ಕುತ್ತಿಗೆ ಬಿಳಿ ಇದ್ದರೆ ಅದು ಆಮ್ಲಜನಕ ಅಂತ ಇಲ್ಲಿಯ ಗುರುತು. ಕುತ್ತಿಗೆಯ ಮೇಲೆ ಒತ್ತಡ ಪರೀಕ್ಷೆಯ ತಾರೀಕು ಕೊರೆದಿರುತ್ತದೆ. ಐದು ವರ್ಷ ಮೀರಿದ್ದರೆ ತುಂಬಿಸಿಕೊಳ್ಳಬೇಡ, ತಂದುಕೊಟ್ಟವನಿಗೆ ವಾಪಸು ಕೊಡು. ವಾಲ್ವ್ ಬಿಗಿಯಾಗಿದೆ ಅಂತ ಎಣ್ಣೆ, ಗ್ರೀಸ್ ಸವರುವ ಅಭ್ಯಾಸ ನಮ್ಮ ಗ್ಯಾರೇಜಿನ ಹುಡುಗರಿಗಿದೆ. ಆಮ್ಲಜನಕದ ಹತ್ತಿರ ಜಿಡ್ಡು ಸೇರಿದರೆ ತಾನಾಗಿ ಹೊತ್ತಿಕೊಳ್ಳುವ ಅಪಾಯವಿದೆ, ಕೈ ಒರೆಸಿಕೊಂಡೇ ಮುಟ್ಟಬೇಕು. ಗಾಡಿಯೊಳಗೆ ಬೀಡಿ, ಸಿಗರೇಟು, ಊದುಬತ್ತಿ ಯಾವುದೂ ಬೇಡ. ಡ್ಯಾಶ್‌ಬೋರ್ಡಿನ ದೇವರಿಗೆ ಹೂವು ಸಾಕು. ಸಿಕ್ಕಸಿಕ್ಕಲ್ಲಿ ಇನ್ವರ್ಟರ್ ಕೂರಿಸಿ ತೇಪೆ ವೈರ್ ಎಳೆಸಬೇಡ. 2024ರ ನವೆಂಬರಿನಲ್ಲಿ ಮಹಾರಾಷ್ಟ್ರದ ಜಲಗಾಂವ್ ಕಡೆ ಗರ್ಭಿಣಿಯೊಬ್ಬಳನ್ನು ಒಯ್ಯುತ್ತಿದ್ದ ಆಂಬುಲೆನ್ಸಿಗೆ ಬೆಂಕಿ ಬಿದ್ದು ಸಿಲಿಂಡರ್ ಸಿಡಿಯಿತು. ಎಂಜಿನ್ನಿನಿಂದ ಹೊಗೆ ಬಂದದ್ದನ್ನು ಕಂಡ ಚಾಲಕ ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸಿ ದೂರ ಕಳಿಸಿದ್ದ, ಹಾಗಾಗಿ ಜೀವ ಉಳಿದವು. ಹೊಗೆ ಕಂಡರೆ ಮೊದಲು ಮನುಷ್ಯರು, ಆಮೇಲೆ ಗಾಡಿ. ಇದನ್ನು ನಿನ್ನ ಡ್ರೈವರ್‌ಗೆ ಮೊದಲ ದಿನವೇ ಹೇಳಿಡು.

ಇನ್ನು ಒಳಗಿರುವ ವಸ್ತುಗಳನ್ನೂ ಮನುಷ್ಯರನ್ನೂ ಬಿಗಿಯುವ ವಿಚಾರ. 2022ರ ಜುಲೈನಲ್ಲಿ ಬೈಂದೂರು ಹತ್ತಿರದ ಶಿರೂರು ಟೋಲಿನಲ್ಲಿ ಆದದ್ದು ನಿನಗೂ ನೆನಪಿರಬೇಕು. ಹೊನ್ನಾವರದಿಂದ ರೋಗಿಯನ್ನು ತರುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಜಾರಿ ತಿರುಗಿ ಟೋಲ್ ಕಟ್ಟೆಗೆ ಬಡಿಯಿತು. ಒಳಗಿದ್ದವರು ಹೊರಗೆ ಚೆಲ್ಲಿಹೋದರು. ನಾಲ್ವರು ತೀರಿಕೊಂಡರು. ಆ ವಿಡಿಯೋ ಎಲ್ಲರ ಫೋನಿಗೂ ಬಂತು, ಎಲ್ಲರೂ ಅಯ್ಯೋ ಅಂದರು. ಆಮೇಲೆ ಎಷ್ಟು ಗಾಡಿಗಳಲ್ಲಿ ಹಿಂದೆ ಕೂತವರು ಬೆಲ್ಟ್ ಹಾಕುತ್ತಿದ್ದಾರೆ ಅಂತ ನೀನೇ ಹೋಗಿ ನೋಡು.

ಸ್ಟ್ರೆಚರಿನ ಬೆಲ್ಟು ಎದೆಗೊಂದು, ಸೊಂಟಕ್ಕೊಂದು, ಮಂಡಿಯ ಮೇಲೊಂದು, ಹೆಗಲಿನಿಂದ ಬರುವುದೂ ಇರಬೇಕು. ಬರೀ ಸೊಂಟದ್ದನ್ನು ಹಾಕಿದರೆ ಜೋರಾಗಿ ಬ್ರೇಕ್ ಹಾಕಿದಾಗ ರೋಗಿ ತಲೆಯ ಕಡೆಗೆ ಜಾರುತ್ತಾನೆ. ಸ್ಟ್ರೆಚರ್ ನೆಲದ ಕ್ಲಾಂಪಿಗೆ ಟಕ್ಕೆಂದು ಕೂತ ಸದ್ದು ಕೇಳಬೇಕು, ಕೈಯಿಂದ ಎಳೆದು ನೋಡಬೇಕು. ಜೊತೆಗೆ ಬರುವವರು ಒಬ್ಬರು, ಹೆಚ್ಚೆಂದರೆ ಇಬ್ಬರು. ನಮ್ಮ ಕಡೆ ರೋಗಿ ಹೊರಟರೆ ಅರ್ಧ ಕೇರಿಯೇ ಹತ್ತಲು ನಿಲ್ಲುತ್ತದೆ, ಅದು ಪ್ರೀತಿ, ನನಗೂ ಗೊತ್ತು. ಅವರಿಗೆ ಹಿಂದೆ ಇನ್ನೊಂದು ಕಾರಿನಲ್ಲಿ ಬನ್ನಿ ಅಂತ ಮೃದುವಾಗಿ ಹೇಳು. ಸಿಲಿಂಡರ್, ಸಕ್ಷನ್ ಮಷಿನ್, ಮಾನಿಟರ್, ಯಾವುದೂ ಹಗ್ಗದಲ್ಲಿ ಕಟ್ಟಿದ್ದಾಗಿರಬಾರದು. ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ ಸಡಿಲವಾದ ಒಂದು ಸಿಲಿಂಡರ್ ರೋಗಿಯ ಮೇಲೆ ಉರುಳಿದರೆ ಏನಾಗುತ್ತದೆ ಯೋಚನೆ ಮಾಡು. ಆಗಷ್ಟೇ ಹುಟ್ಟಿದ ಕೂಸನ್ನು ಒಯ್ಯುವಾಗ ಅದನ್ನು ತಾಯಿಯ ಬರಿ ಎದೆಗೆ ಅಪ್ಪಿಸಿ ಬಟ್ಟೆಯಲ್ಲಿ ಸುತ್ತಿ ಕಟ್ಟಿ, ತಾಯಿಯನ್ನು ಸ್ಟ್ರೆಚರಿನಲ್ಲಿ ಒರಗಿಸಿ ಬೆಲ್ಟ್ ಹಾಕು. ಕೂಸಿಗೆ ಬಿಸುಪೂ ಸಿಗುತ್ತದೆ, ಕೈ ತಪ್ಪುವ ಭಯವೂ ಇಲ್ಲ. ತಂಪು ಹತ್ತಿದ ಎಳೆ ಕೂಸು ಎಷ್ಟು ಬೇಗ ಕಳೆಗುಂದುತ್ತದೆ ಅನ್ನುವುದನ್ನು ನಾನು ನೋಡಿದ್ದೇನೆ.

ವೇಗದ ಮಾತು ಈಗ. ನಿನ್ನ ವಯಸ್ಸಿನವರಿಗೆ ಝೀರೋ ಟ್ರಾಫಿಕ್ ವಿಡಿಯೋಗಳ ಮೇಲೆ ಮನಸ್ಸು. 2020ರ ಫೆಬ್ರುವರಿಯಲ್ಲಿ ಮಂಗಳೂರಿನಿಂದ ನಲವತ್ತು ದಿನದ ಹಸುಗೂಸನ್ನು ಬೆಂಗಳೂರಿನ ಜಯದೇವ ಆಸ್ಪತ್ರೆಗೆ ನಾಲ್ಕೂವರೆ ಗಂಟೆಯ ಆಸುಪಾಸಿನಲ್ಲಿ ಮುಟ್ಟಿಸಿದರು. ರಾಜ್ಯವೇ ಉಸಿರು ಬಿಗಿಹಿಡಿದು ನೋಡಿತು. ಆ ಚಾಲಕನಿಗೆ ಸಂದ ಗೌರವ ಸಲ್ಲಬೇಕಾದದ್ದೇ. ಆದರೆ ಅವತ್ತು ದಾರಿಯುದ್ದಕ್ಕೂ ಪೊಲೀಸರು ನಿಂತಿದ್ದರು, ಊರೂರಿನ ಜನ ರಸ್ತೆ ಬಿಡಿಸಿಕೊಟ್ಟಿದ್ದರು. ನೀನು ಒಬ್ಬನೇ ರಾತ್ರಿ ಹೊಸನಗರದ ದಾರಿಯಲ್ಲಿ ಹೋಗುವಾಗ ನಿನ್ನ ಮುಂದೆ ಯಾರೂ ರಸ್ತೆ ಬಿಡಿಸಿರುವುದಿಲ್ಲ, ಎಮ್ಮೆ ಮಲಗಿರುತ್ತದೆ, ಕಾಡುಕೋಣ ಅಡ್ಡ ಬರುತ್ತದೆ. ಎಪ್ಪತ್ತರಲ್ಲಿ ಹೋಗುವುದನ್ನು ನೂರರಲ್ಲಿ ಹೋದರೆ ಉಳಿಯುವುದು ಹೆಚ್ಚೆಂದರೆ ಕೆಲವು ನಿಮಿಷ, ನಮ್ಮ ತಿರುವಿನ ದಾರಿಯಲ್ಲಿ ಅದೂ ಉಳಿಯುವುದಿಲ್ಲ. ಆ ಕೆಲವು ನಿಮಿಷಕ್ಕಾಗಿ ಬೆನ್ನುಮೂಳೆ ಮುರಿದವನನ್ನು ಹೊಂಡಕ್ಕೆ ಇಳಿಸಿ ಕುಲುಕಿದರೆ, ಕಾಲು ಆಡುತ್ತಿದ್ದವನು ಆಸ್ಪತ್ರೆ ಮುಟ್ಟುವಾಗ ಕಾಲು ಆಡದವನಾಗಿರಬಹುದು. ಅಡಿಕೆ ಮರದಿಂದ ಬಿದ್ದವರು ನಮ್ಮಲ್ಲಿ ಎಷ್ಟು ಮಂದಿ! ಅವರಿಗೆ ಕುತ್ತಿಗೆ ಕಾಲರ್ ಹಾಕಿ, ಸ್ಪೈನ್ ಬೋರ್ಡಿನ ಮೇಲೆ ಮೈಯೆಲ್ಲ ಒಂದೇ ಸಮ ತಿರುಗಿಸಿ ಮಲಗಿಸಿ, ನಿಧಾನವಾಗಿ ತೆಗೆದುಕೊಂಡು ಹೋಗುವುದೇ ಚಿಕಿತ್ಸೆ.

ಆಂಬುಲೆನ್ಸಿಗೆ ದಾರಿ ಬಿಡದವನಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ಹತ್ತು ಸಾವಿರ ರೂಪಾಯಿ ದಂಡವಿದೆ, ಜೈಲೂ ಇದೆ. ಕಾನೂನು ನಿನಗೆ ಇಷ್ಟು ದೊಡ್ಡ ಮರ್ಯಾದೆ ಕೊಟ್ಟಿರುವಾಗ ಖಾಲಿ ಗಾಡಿಯಲ್ಲಿ ಊಟಕ್ಕೆ ಹೋಗುವಾಗ ಸೈರನ್ ಹಾಕಬಾರದು. ಹಾಗೆ ಹಾಕಿದವರನ್ನು ಕಂಡು ಕಂಡೇ ಜನ ನಿಜವಾದ ಸೈರನ್ನಿಗೂ ಅನುಮಾನ ಪಡುವಂತಾಗಿದೆ. ಎದೆನೋವಿನವರನ್ನು ಒಯ್ಯುವಾಗ ಮುಂದೆ ರಸ್ತೆ ಖಾಲಿ ಇದ್ದರೆ ಸೈರನ್ ನಿಲ್ಲಿಸು. ಆ ಸದ್ದು ರೋಗಿಯ ಕಿವಿಗೇ ಮೊದಲು ಬೀಳುವುದು.

ಗಾಡಿಯ ಹಿಂದೆ ಯಾರು ಕೂರುತ್ತಾರೆ? ಇಡೀ ವ್ಯವಹಾರದಲ್ಲಿ ನನಗೆ ಅತಿ ಮುಖ್ಯವಾದ ಪ್ರಶ್ನೆ ಇದು. ಬಹಳಷ್ಟು ಗಾಡಿಗಳಲ್ಲಿ ಹಿಂದೆ ಕೂರುವುದು ರೋಗಿಯ ಅಣ್ಣನೋ ಹೆಂಡತಿಯೋ. ಡ್ರೈವರ್ ಕನ್ನಡಿಯಲ್ಲಿ ನೋಡಿಕೊಂಡು ಹೋಗುತ್ತಾನೆ. ರೋಗಿ ವಾಂತಿ ಮಾಡಿದರೆ, ಮಾಡಿದ್ದು ಶ್ವಾಸನಾಳಕ್ಕೆ ಹೋದರೆ, ಪಕ್ಕಕ್ಕೆ ತಿರುಗಿಸಿ ಸಕ್ಷನ್ ಹಾಕುವವರು ಯಾರು? ನಾಗರಹಾವು ಕಚ್ಚಿದವನಿಗೆ ದಾರಿಯಲ್ಲಿ ರೆಪ್ಪೆ ಜೋತು ಉಸಿರು ಇಳಿಯತೊಡಗಿದರೆ ಅಂಬು ಬ್ಯಾಗ್ ಒತ್ತುತ್ತಾ ಕೂರುವವರು ಯಾರು? ಹಾವಿನ ಕೇಸನ್ನಂತೂ ಹತ್ತಿರದ ಆಸ್ಪತ್ರೆಯಲ್ಲಿ ವಿಷಕ್ಕೆ ಮದ್ದಾದ ಎಎಸ್‌ವಿ ಶುರು ಮಾಡಿಸದೆ ಘಟ್ಟ ಇಳಿಸಲು ಒಪ್ಪಲೇಬೇಡ. ತುರ್ತು ಚಿಕಿತ್ಸೆಯ ತರಬೇತಿಯಾದ ತಂತ್ರಜ್ಞ, ಅಂದರೆ ಇಎಂಟಿ ಒಬ್ಬನನ್ನು ಸಂಬಳಕ್ಕೆ ಇಟ್ಟುಕೊ. ಈಗ ಅಲೈಡ್ ಹೆಲ್ತ್ ವೃತ್ತಿಗಳಿಗೆ 2021ರ ಕೇಂದ್ರ ಕಾಯ್ದೆಯೇ ಇದೆ, ತುರ್ತು ಚಿಕಿತ್ಸೆಯ ತಂತ್ರಜ್ಞರೂ ಅದರೊಳಗೆ ಬರುತ್ತಾರೆ. ಓದಿದ ಹುಡುಗ ಹುಡುಗಿಯರು ಸಿಗುತ್ತಾರೆ. ವೆಂಟಿಲೇಟರಿನ ಮೇಲಿರುವ ರೋಗಿಗೆ ಇಎಂಟಿಯೂ ಸಾಲದು. ಕಳಿಸುವ ಆಸ್ಪತ್ರೆಯಿಂದ ಡಾಕ್ಟರೋ ಐಸಿಯುನಲ್ಲಿ ಪಳಗಿದ ಸಿಸ್ಟರೋ ಬರಲಿ ಅಂತ ಪಟ್ಟು ಹಿಡಿ. ನಿನ್ನ ಡ್ರೈವರ್‌ಗೂ ಎದೆ ಒತ್ತುವುದು, ಉಸಿರು ಕೊಡುವುದು, ರಕ್ತ ನಿಲ್ಲಿಸುವುದು ಬರಬೇಕು. ಕಲಿತದ್ದು ಮರೆತು ಹೋಗುತ್ತದೆ, ವರ್ಷಕ್ಕೊಮ್ಮೆಯಾದರೂ ಮತ್ತೆ ಕಲಿಸು.

ರೆಫರ್ ಮಾಡಿದ ಚೀಟಿ ಕೈಗೆ ಬಂದ ಕೂಡಲೇ ಹೊರಡುವ ಆತುರ ಬೇಡ. ಮುಂದಿನ ಆಸ್ಪತ್ರೆಗೆ ಫೋನ್ ಹೋಗಿದೆಯಾ, ಬೆಡ್ ಇದೆಯಾ, ವೆಂಟಿಲೇಟರ್ ಬೇಕಾದರೆ ಅದು ಖಾಲಿ ಇದೆಯಾ, ಯಾವ ಡಾಕ್ಟರು ಒಪ್ಪಿಕೊಂಡಿದ್ದಾರೆ, ಹೆಸರು ಬರೆದುಕೊ. ಬೆಡ್ ಇಲ್ಲವೆಂದು ಒಂದು ಬಾಗಿಲಿಂದ ಇನ್ನೊಂದಕ್ಕೆ ಅಲೆದು ಗಾಡಿಯಲ್ಲೇ ಹೋದವರ ಕಥೆ ಕೋವಿಡ್ಡಿನ ಹೊತ್ತಿಗೆ ಹುಟ್ಟಿದ್ದಲ್ಲ, ಬಹಳ ಹಳೆಯದು. ಹೊರಡುವಾಗಿನ ಬಿಪಿ, ನಾಡಿ, ಆಮ್ಲಜನಕದ ಪ್ರಮಾಣ, ಕೊಟ್ಟ ಇಂಜೆಕ್ಷನ್ ಮತ್ತು ಕೊಟ್ಟ ಹೊತ್ತು, ಇವನ್ನು ಒಂದು ಹಾಳೆಯಲ್ಲಿ ಬರೆಸಿಕೊ. ದಾರಿಯಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಅದರಲ್ಲೇ ತುಂಬಿಸು. ಅಲ್ಲಿಯ ಕ್ಯಾಜುವಾಲ್ಟಿಯ ಸಿಸ್ಟರ್ ಕೈಗೆ ಆ ಹಾಳೆ ಕೊಟ್ಟು ಸಹಿ ಹಾಕಿಸಿಕೊಂಡ ಮೇಲೆ ನಿನ್ನ ಹೊಣೆ ಇಳಿಯಿತು. ಅಂಥ ಹಾಳೆ ತಂದ ಗಾಡಿ ನಮ್ಮಲ್ಲಿಗೆ ಬಂದಾಗ ಅರ್ಧ ಕೆಲಸ ಆಗಿಹೋದಂತೆ ಅನ್ನಿಸುತ್ತಿತ್ತು. ಏನೂ ಇಲ್ಲದೆ ಬಂದರೆ, ಏನು ಕೊಟ್ಟಿದ್ದಾರೋ ಗೊತ್ತಿಲ್ಲ ಸಿಸ್ಟರ್, ಬೇಗ ನೋಡಿ, ಅನ್ನುವ ಮಾತಷ್ಟೇ ಸಿಗುತ್ತಿತ್ತು. ಅಷ್ಟರಿಂದ ಡಾಕ್ಟರು ಏನು ತಿಳಿದುಕೊಂಡಾರು?

ಪ್ರತಿ ಬೆಳಿಗ್ಗೆ ಗಾಡಿ ನೋಡುವ ಪಟ್ಟಿಯೊಂದು ಬಾಗಿಲ ಒಳಗೆ ಅಂಟಿಸಿರಲಿ. ಸಿಲಿಂಡರಿನ ಮುಳ್ಳು, ಸಕ್ಷನ್ನಿನ ಬ್ಯಾಟರಿ, ದೊಡ್ಡವರ ಮತ್ತು ಮಕ್ಕಳ ಅಳತೆಯ ಮಾಸ್ಕು, ಔಷಧಿಯ ತಾರೀಕು, ಟಾರ್ಚು, ಬೆಂಕಿ ಆರಿಸುವ ಸಿಲಿಂಡರ್, ಸ್ಟೆಪ್ನಿ, ಡೀಸೆಲ್. ಅಡಿಕೆ ಕೊಯ್ಯುವ ಕೊನೆಗೌಡ ಮರ ಹತ್ತುವ ಮುಂಚೆ ತನ್ನ ಹಗ್ಗವನ್ನು ಬೇರೆಯವರ ಕೈಯಲ್ಲಿ ನೋಡಿಸುವುದಿಲ್ಲ, ತಾನೇ ಎಳೆದು ನೋಡುತ್ತಾನೆ. ಹಾಗೆ ಆ ದಿನ ಗಾಡಿ ಹತ್ತುವವನೇ ನೋಡಬೇಕು, ನೋಡಿ ಸಹಿ ಹಾಕಬೇಕು. ಎಫ್‌ಸಿ, ಇನ್ಶೂರೆನ್ಸ್ ತಾರೀಕು ಮೀರದಂತೆ ನೋಡಿಕೊಳ್ಳುವುದು ನಿನ್ನ ಕೆಲಸ.

ತುರ್ತು ಕೇಸುಗಳಷ್ಟೇ ನಿನ್ನ ಗಿರಾಕಿಗಳಲ್ಲ. ದಿನದ ಬಾಡಿಗೆ ಬಹುಪಾಲು ಡಯಾಲಿಸಿಸ್ಸಿನವರು, ಪಾರ್ಶ್ವವಾಯು ಹೊಡೆದವರು, ಸೊಂಟ ಮುರಿದ ಅಜ್ಜಿಯರು. ಇವರಿಗೆ ಏನೂ ಆಗುವುದಿಲ್ಲ ಬಿಡು ಅಂತ ಅಸಡ್ಡೆ ಬರುವುದು ಸುಲಭ. ಡಯಾಲಿಸಿಸ್ ಮುಗಿಸಿ ಬಂದವರಿಗೆ ಬಿಪಿ ಇಳಿದಿರುತ್ತದೆ, ತಟ್ಟನೆ ಎಬ್ಬಿಸಿ ನಿಲ್ಲಿಸಿದರೆ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಡಯಾಲಿಸಿಸ್ಸಿಗೆ ಮಾಡಿದ ಫಿಸ್ಟುಲಾ ಇರುವ ಕೈ ಹಿಡಿದು ಎಳೆಯಬಾರದು, ಆ ಕೈಗೆ ಬಿಪಿ ಪಟ್ಟಿಯನ್ನೂ ಕಟ್ಟಬಾರದು. ಮೂತ್ರದ ಚೀಲವನ್ನು ರೋಗಿಯ ಹೊಟ್ಟೆಯ ಮೇಲೆ ಇಟ್ಟು ಎತ್ತುವುದನ್ನು ಬಹಳ ಕಡೆ ನೋಡಿದ್ದೇನೆ. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ. ಅಜ್ಜಿಯರನ್ನು ಎತ್ತುವ ಮುಂಚೆ ಈಗ ಎತ್ತುತ್ತೇವೆ ಅಮ್ಮಾ ಅಂತ ಹೇಳಿ ಎತ್ತಲಿ. ಹೊದಿಕೆ ಮೈತುಂಬ ಇರಲಿ, ಕೇರಿಯ ಮಧ್ಯದಲ್ಲಿ ಸೀರೆ ಸರಿದ ಹೆಂಗಸನ್ನು ಇಳಿಸುವಂತಾಗಬಾರದು.

ಗಾಡಿ ತೊಳೆಯುವುದೆಂದರೆ ಹೊರಗಿನ ಮಣ್ಣು ತೊಳೆಯುವುದಲ್ಲ. ಪ್ರತಿ ರೋಗಿ ಇಳಿದ ಮೇಲೆ ಚಾದರ ಬದಲು. ರಕ್ತ, ವಾಂತಿ ಬಿದ್ದಲ್ಲಿ ಮೊದಲು ಹೀರುವ ಬಟ್ಟೆಯಲ್ಲಿ ತೆಗೆದು, ಶೇಕಡಾ ಒಂದರ ಹೈಪೋಕ್ಲೋರೈಟ್ ದ್ರಾವಣ ಹಾಕಿ ಬಿಟ್ಟು, ಆಮೇಲೆ ಒರೆಸು. ಸೂಜಿಗೆ ಬೇರೆ ಡಬ್ಬಿ. ಹ್ಯೂಮಿಡಿಫೈಯರ್ ಬಾಟಲಿಯ ನೀರು ನಿನ್ನೆಯದು ಇರಬಾರದು. 2019ರ ಚಳಿಗಾಲದಲ್ಲಿ ಅರಳಗೋಡು ಕಡೆ ಮಂಗನ ಕಾಯಿಲೆ ಎದ್ದು ಒಬ್ಬರ ಹಿಂದೆ ಒಬ್ಬರು ಮಣಿಪಾಲಕ್ಕೆ ಹೋದರಲ್ಲ, ಆಗ ಆ ರೋಗಿಗಳನ್ನು ಹತ್ತಿಸಿಕೊಳ್ಳಲು ಕೆಲವರು ಹಿಂಜರಿದರು. ಆ ಕಾಯಿಲೆ ಉಣ್ಣೆ ಹುಳುವಿನಿಂದ ಬರುವುದು, ಮನುಷ್ಯರಿಂದ ಮನುಷ್ಯರಿಗೆ ಹರಡುವುದಲ್ಲ. ಯಾವ ರೋಗ ಹೇಗೆ ಹರಡುತ್ತದೆ ಅಂತ ತಿಳಿದಿದ್ದರೆ ಬೇಡದ ಹೆದರಿಕೆಯೂ ಇರುವುದಿಲ್ಲ, ಟಿಬಿಯವರನ್ನು ಒಯ್ಯುವಾಗ ಕಿಟಕಿ ತೆಗೆದು ಮಾಸ್ಕ್ ಹಾಕುವುದೂ ತಪ್ಪುವುದಿಲ್ಲ. ಇನ್ನೊಂದು, ಅದೇ ಗಾಡಿಯಲ್ಲಿ ಹೆಣವನ್ನೂ ಒಯ್ಯಬೇಡ. ಅದಕ್ಕೆ ಬೇರೆ ವಾಹನಗಳಿವೆ. ಅಂಥ ಕರೆ ಬಂದರೆ ಯಾರ ಹತ್ತಿರ ಇದೆ ಅಂತ ನಂಬರ್ ಕೊಡು.

ದುಡ್ಡಿನ ಮಾತು ಬಿಟ್ಟರೆ ಆಗುವುದಿಲ್ಲ. ಕಿಲೋಮೀಟರಿಗೆ ಎಷ್ಟು, ಕಾಯುವುದಕ್ಕೆ ಎಷ್ಟು, ಇಎಂಟಿಗೆ ಎಷ್ಟು, ಎಲ್ಲ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಗಾಡಿಯ ಒಳಗೂ ಹೊರಗೂ ಅಂಟಿಸು. ಹತ್ತುವ ಮುಂಚೆ ಹೇಳಿದ್ದೇ ಇಳಿಯುವಾಗಲೂ ಹೇಳಬೇಕು. ರಸೀದಿ ಕೊಡು. ರಾಷ್ಟ್ರೀಯ ಹೆದ್ದಾರಿಯ ಟೋಲಿನಲ್ಲಿ ಆಂಬುಲೆನ್ಸಿಗೆ ಸುಂಕವಿಲ್ಲ, ಆಂಬುಲೆನ್ಸಿನಲ್ಲಿ ರೋಗಿಯನ್ನು ಒಯ್ಯುವ ಸೇವೆಗೆ ಜಿಎಸ್‌ಟಿಯೂ ಇಲ್ಲ. ಟೋಲ್, ಟ್ಯಾಕ್ಸ್ ಅಂತ ಬಿಲ್ಲಿಗೆ ಸೇರಿಸಿದರೆ ಅದು ಕಳವು. ಕೋವಿಡ್ಡಿನಲ್ಲಿ ಕೇಳಿದಷ್ಟು ವಸೂಲಿ ನಡೆದಾಗ 2020ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳು ನ್ಯಾಯವಾದ ದರ ಗೊತ್ತು ಮಾಡಬೇಕು ಅನ್ನಬೇಕಾಯಿತು. ಕೋರ್ಟಿನ ತನಕ ಹೋಗುವಷ್ಟು ಈ ಕಸುಬಿನ ಹೆಸರು ಕೆಟ್ಟಿತಲ್ಲ ಅಂತ ನನಗೆ ಅವತ್ತು ಬೇಸರವಾಗಿತ್ತು. ಪ್ರಾಮಾಣಿಕವಾಗಿ ದುಡಿದ ಚಾಲಕರು ಎಷ್ಟೋ ಮಂದಿ, ಅವರ ಮೇಲೂ ಮಸಿ ಬಿತ್ತು.

ಕಮಿಷನ್ನಿನವರು ನಿನ್ನನ್ನು ಹುಡುಕಿಕೊಂಡು ಬರುತ್ತಾರೆ, ತಡವಾಗುವುದಿಲ್ಲ. ಇಂಥ ಆಸ್ಪತ್ರೆಗೆ ಒಂದು ಕೇಸು ತಂದರೆ ಇಷ್ಟು ಅಂತ ಕೈಯಲ್ಲಿ ಇಡುತ್ತಾರೆ. ಹೃದಯದ ಡಾಕ್ಟರೇ ಇಲ್ಲದ ನರ್ಸಿಂಗ್ ಹೋಮಿಗೆ ಎದೆನೋವಿನವರನ್ನು ಇಳಿಸಿ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅಲ್ಲಿಂದ ಮತ್ತೆ ನಮ್ಮಲ್ಲಿಗೆ ಬರುವಷ್ಟರಲ್ಲಿ ರಕ್ತದ ಹೆಪ್ಪು ಕರಗಿಸುವ ಹೊತ್ತು ಮೀರಿಹೋಗಿತ್ತು. ರೋಗಿಯನ್ನು ಎಲ್ಲಿಗೆ ಒಯ್ಯಬೇಕು ಅನ್ನುವುದನ್ನು ಡಾಕ್ಟರೂ ಮನೆಯವರೂ ನಿಶ್ಚಯಿಸಲಿ. ಆ ಮಾತಿನಲ್ಲಿ ನೀನು ಬಾಯಿ ಹಾಕುವುದಾದರೆ ದೂರ ಮತ್ತು ಸೌಲಭ್ಯ ಇಷ್ಟೇ ಹೇಳು. ಆ ದುಡ್ಡು ಒಂದು ಸಲ ಮುಟ್ಟಿದರೆ ನಿನ್ನ ಸ್ಟೀರಿಂಗ್ ನಿನ್ನ ಕೈಯಲ್ಲಿ ಉಳಿಯುವುದಿಲ್ಲ ಮಗಾ.

ನಿನ್ನ ಡ್ರೈವರ್‌ನ ನಿದ್ದೆಯನ್ನೂ ಲೆಕ್ಕದಲ್ಲಿ ಇಟ್ಟುಕೊ. ಬೆಂಗಳೂರಿಗೆ ಹೋಗಿ ರೋಗಿಯನ್ನು ಇಳಿಸಿ ಅದೇ ಉಸಿರಿನಲ್ಲಿ ವಾಪಸು ಹೊರಡುವುದು, ಬಂದ ಕೂಡಲೇ ಇನ್ನೊಂದು ಕರೆಗೆ ಓಡುವುದು ಈ ಕಸುಬಿನಲ್ಲಿ ಶೌರ್ಯವೆಂದು ನಡೆದುಬಂದಿದೆ. ದಿನಕ್ಕೆ ಎಂಟು ಗಂಟೆ ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ದೂರದ ದಾರಿಗೆ ಇಬ್ಬರನ್ನು ಕಳಿಸು, ಅಲ್ಲಿ ಮಲಗಲು ಒಂದು ರೂಮಿನ ಖರ್ಚು ಕೊಡು. ಟ್ರಿಪ್ಪಿನ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಅವನು ನಿದ್ದೆಗೆಟ್ಟೂ ಓಡುತ್ತಾನೆ, ಆದ್ದರಿಂದ ತಿಂಗಳ ಸಂಬಳ ಗೊತ್ತು ಮಾಡು.

ಕೊನೆಯದಾಗಿ, ಹಿನ್ನೀರಿಗೆ ಅಡ್ಡಲಾಗಿ ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆದ ಮೇಲೆ ತುಮರಿಯ ಕಡೆಯವರಿಗೆ ಸಂಜೆಯಾದರೆ ಲಾಂಚ್ ಇಲ್ಲ ಅನ್ನುವ ಕಷ್ಟ ತೀರಿತು. ಆ ಹಿನ್ನೀರಿನ ಊರುಗಳಿಂದ ರಾತ್ರಿಯ ಕರೆಗಳು ಈಗ ಬರುತ್ತವೆ, ಬರಲಿ. ನಿನ್ನ ಗಾಡಿ ಅಲ್ಲಿಗೂ ಹೋಗಲಿ. ನೆಟ್‌ವರ್ಕ್ ಸಿಗದ ಜಾಗಗಳನ್ನು ಮೊದಲೇ ಹೋಗಿ ನೋಡಿಕೊಂಡು ಬಾ, ಆಶಾ ಕಾರ್ಯಕರ್ತೆಯರ ಹತ್ತಿರ ನಿನ್ನ ನಂಬರ್ ಇರಲಿ, ಯಾವ ಮನೆಯ ಅಂಗಳದ ತನಕ ಗಾಡಿ ಹೋಗುತ್ತದೆ, ಎಲ್ಲಿಂದ ಸ್ಟ್ರೆಚರ್ ಹೊರಬೇಕು ಅಂತ ಅವರಿಗೆ ಗೊತ್ತಿರುತ್ತದೆ. ಗಾಡಿ ಬಂದ ಮೇಲೆ ಪೂಜೆಗೆ ಮುಂಚೆ ಒಂದು ಭಾನುವಾರ ಇಲ್ಲಿಗೆ ತಂದು ನಿಲ್ಲಿಸು. ಡ್ರೈವರ್, ಇಎಂಟಿ ಇಬ್ಬರೂ ಬರಲಿ. ಸ್ಟ್ರೆಚರಿನ ಮೇಲೆ ನಾನೇ ಮಲಗುತ್ತೇನೆ, ಬೆಲ್ಟ್ ಹಾಕಿ ಹೊಸನಗರದ ರಸ್ತೆಯಲ್ಲಿ ಒಂದು ಸುತ್ತು ಕರೆದುಕೊಂಡು ಹೋಗಿ ಬರಲಿ. ಎಲ್ಲಿ ಕುಲುಕುತ್ತದೆ, ಯಾವುದು ಸದ್ದು ಮಾಡುತ್ತದೆ, ಬರೆದುಕೊಡುತ್ತೇನೆ. ಊಟ ಇಲ್ಲಿಯೇ.